ಆರಾಮ್ ಮೇಲೆ ಹೋದ ಸರ್ವರ್

ನನಗೆ ಫೋನಿನಲ್ಲಿ ಮಾತನಾಡುವುದು ಬರುವುದಿಲ್ಲ. ಹಾಗೆಂದರೆ ತೊದಲುತ್ತೇನೆ ಎಂದಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಆಮೇಲೆ ಹೇಳಲು ನನ್ನ ಬಳಿ ಏನೂ ಉಳಿದಿರುವುದಿಲ್ಲ. ನಮ್ಮ ಕಡೆ ಇದಕ್ಕೆ ಸೊಕ್ಕು ಎನ್ನುತ್ತಾರೆ.

ಇಂಥ ನನಗೆ ಎಂ.ಎಸ್ಸಿ. ಮುಗಿದ ಮೇಲೆ ಸೊಲ್ಲಾಪುರದಲ್ಲಿ ಸಿಕ್ಕ ಕೆಲಸ ಫೋನಿನದೇ. ವಿಜಾಪುರ ರಸ್ತೆಯಲ್ಲಿ ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ವ್ಯಾಪಾರಸ್ಥರ ಆರ್ಡರು, ಬಿಲ್ಲು, ಗೋದಾಮಿನ ಸಾಮಾನು ನೋಡಿಕೊಳ್ಳುವ ಸಾಫ್ಟ್‌ವೇರನ್ನು ನಾವು ಮಾಡಿಕೊಡುತ್ತೇವೆ. ಹೆಸರಿಗೆ ನಾನು ಪ್ರೋಗ್ರಾಮರ್. ಆದರೆ ಆಫೀಸಿನಲ್ಲಿ ಉಳಿದವರು ಮರಾಠಿ, ತೆಲುಗಿನವರು. ಕುಂಭಾರಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ, ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ನಾನೊಬ್ಬಳೇ. ಹೀಗಾಗಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಗಿರಾಕಿಗಳ ಫೋನೆಲ್ಲ ನನ್ನ ಮೇಜಿಗೆ ಬರುತ್ತಿತ್ತು.

"ಹಲೋ, ಆರಾಮ ಅದೀರೇನ್ರಿ?"

"ಹೂಂ. ಹೇಳ್ರಿ."

"ಮನ್ಯಾಗ ಎಲ್ಲಾರೂ?"

"ಹೂಂ."

"ಮಳಿ ಆತೇನ್ರಿ ನಿಮ್ಮ ಕಡೆ?"

"ಇಲ್ರಿ."

"ನಮ್ಮ ಕಡೇನೂ ಇಲ್ಲ. ಮೋಡ ಬರ್ತಾವು, ಹೋಗ್ತಾವು. ಏನ್ ಮಾಡೂದು ಹೇಳ್ರಿ."

ಏನು ಮಾಡುವುದೆಂದು ನಿಜವಾಗಿ ನನಗೆ ಗೊತ್ತಿರಲಿಲ್ಲ. ಹಾಗಾಗಿ ಸುಮ್ಮನಿರುತ್ತಿದ್ದೆ. ನಾನು ಸುಮ್ಮನಿದ್ದರೆ ಲೈನು ಹೋಯಿತೆಂದು ತಿಳಿದು ಅವರು ಮತ್ತೆ "ಹಲೋ" ಎಂದು ಮೊದಲಿನಿಂದ ಶುರು ಮಾಡುತ್ತಿದ್ದರು. ಬಿಲ್ಲು ಪ್ರಿಂಟ್ ಆಗುತ್ತಿಲ್ಲ ಎಂಬ ವಿಷಯ ಕೊನೆಗೆ ಬರುತ್ತಿತ್ತು. ಪ್ರಿಂಟರಿನ ಸ್ವಿಚ್ಚು ಹಾಕಿರುತ್ತಿರಲಿಲ್ಲ.

ಇವರಲ್ಲಿ ಎಲ್ಲರಿಗಿಂತ ದೊಡ್ಡ ಗಿರಾಕಿ ಅಕ್ಕಲಕೋಟದ ಒಬ್ಬ ಸಾವಕಾರರು. ಬೇಳೆ, ಬೆಲ್ಲ, ಎಣ್ಣೆಯ ಸಗಟು ವ್ಯಾಪಾರ ಅವರದು. ಸುತ್ತಲಿನ ಹಳ್ಳಿಗಳ ಕಿರಾಣಿ ಅಂಗಡಿಯವರು ಮೊಬೈಲಿನಿಂದ ಆರ್ಡರು ಕಳಿಸುತ್ತಾರೆ. ಸಾವಕಾರರ ಕಂಪ್ಯೂಟರಿನಲ್ಲಿ ಅದು ಕಾಣುತ್ತದೆ, ಬಿಲ್ಲು ಹೊರಬರುತ್ತದೆ, ಟೆಂಪೋ ಹೊರಡುತ್ತದೆ. ಇದನ್ನೆಲ್ಲ ನಡೆಸುವವರು ಅವರ ಸೊಸೆ. ಫೋನು ಮಾಡುವವರು ಮಾತ್ರ ಸಾವಕಾರರು. ಎಲ್ಲ ಸರಿಯಾಗಿದ್ದರೆ, ಸರಿಯಾಗಿದೆ ಎಂದು ಹೇಳುವುದಕ್ಕೂ ಮಾಡುತ್ತಿದ್ದರು.

ಫೋನಿನಿಂದ ತಪ್ಪಿಸಿಕೊಳ್ಳಲು ನನಗೆ ಹೊಳೆದ ದಾರಿ ಸರ್ವರಿನದು. ಸರ್ವರ್ ಎಂದರೆ ನಮ್ಮ ಆಫೀಸಿನಲ್ಲಿರುವ ಪೆಟ್ಟಿಗೆಯಲ್ಲ. ದೂರದ ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ ಸಾಲಾಗಿ ನಿಂತ ಯಂತ್ರಗಳಲ್ಲಿ ನಮಗೆ ಬೇಕಾದಷ್ಟನ್ನು ಬಾಡಿಗೆಗೆ ಹಿಡಿಯುತ್ತೇವೆ. ಕ್ಲೌಡ್ ಎನ್ನುವುದು ಇದಕ್ಕೇ. ದೊಡ್ಡ ಗಿರಾಕಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಸರ್ವರ್ ಬೇರೆ ಇಟ್ಟಿದ್ದೆವು. ಎಲ್ಲವೂ ಹಳೆಯ ಜಾತಿಯ ಪ್ರೊಸೆಸರಿನವು. ಈಗ ಅದೇ ಕಟ್ಟಡದಲ್ಲಿ ಆರ್ಮ್ ಎಂಬ ಬೇರೆ ಜಾತಿಯ ಪ್ರೊಸೆಸರಿನ ಯಂತ್ರಗಳೂ ಸಿಗುತ್ತವೆ. ಅವು ಕಡಿಮೆ ವಿದ್ಯುತ್ ತಿಂದು, ಕಡಿಮೆ ಬಿಸಿಯಾಗಿ, ಅಷ್ಟೇ ಕೆಲಸ ಮಾಡುತ್ತವೆ. ನಮ್ಮ ಸಾಫ್ಟ್‌ವೇರನ್ನು ಅವುಗಳ ಮೇಲೆ ಸಾಗಿಸಬಹುದೆಂದು ಬರೆದು ನಮ್ಮ ಆಫೀಸಿನ ಒಡತಿ ಮೇಡಂಗೆ ಕೊಟ್ಟೆ. ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ.

ಮೇಡಂ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರ ಕನ್ನಡದಲ್ಲಿ ಅರ್ಧ ಮರಾಠಿ; ‘ಆದರೆ’ ಎನ್ನುವುದಕ್ಕೆ ‘ಪಣ’ ಎನ್ನುತ್ತಾರೆ.

"ಮಾಡು. ಬರೋಬರ ಆತು ಅಂದ್ರ ಸರ್ವರ್ ಕೆಲಸ ಎಲ್ಲಾ ನಿನಗ. ಫೋನಿಗೆ ಬ್ಯಾರೆ ಹುಡುಗೀನ ನೋಡ್ತೀನಿ. ಪಣ ಮೊದಲ ಅಕ್ಕಲಕೋಟದ್ದು ಮಾಡಿ ತೋರಿಸು. ಅವರಿಗೆ ತ್ರಾಸ ಆತು ಅಂದ್ರ ಎಲ್ಲಾ ವಾಪಸ್. ಸರ್ವರೂ ವಾಪಸ್, ನೀನೂ ಫೋನಿಗೆ ವಾಪಸ್."

ಮನೆಯಲ್ಲಿ ಊಟಕ್ಕೆ ಕುಳಿತಾಗ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಹಿಡಿಸಿದ್ದು ಒಂದೇ ಮಾತು.

"ಕಡಿಮಿ ಕರೆಂಟಿನ್ಯಾಗ ಅಷ್ಟ ಕೆಲಸ?"

"ಹೂಂ."

"ನಮ್ಮ ಬಾವಿ ಮೋಟರಿಗೆ ಕುಂದರ್ತೈತೇನು ಅದು?"

"ಇಲ್ಲ ಅಪ್ಪಾ."

"ಮತ್ತ ಏನ್ ಉಪಯೋಗ?" ಎಂದು ಅಪ್ಪ ರೊಟ್ಟಿ ಮುರಿದರು.

ಈ ಸಾಗಣೆ ಎಂದರೆ ಏನೆಂದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ನನ್ನ ಚಿಕ್ಕಪ್ಪನ ಮಗಳಿಂದ. ಅವಳು ಮನೆಯಲ್ಲಿ ಮಾತಾಡುವುದು ಕನ್ನಡ, ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಅವಳಿಗೆ ಬರುವುದಿಲ್ಲ. ನನಗೆ ಮೆಸೇಜು ಕಳಿಸುವಾಗ ಕನ್ನಡವನ್ನು ಮರಾಠಿ ಲಿಪಿಯಲ್ಲಿ ಬರೆಯುತ್ತಾಳೆ. ನಾನೂ ಅವಳಿಗೆ ಹಾಗೆಯೇ ಬರೆಯಬೇಕು. ಮಾತು ಅದೇ, ಅಕ್ಷರ ಬೇರೆ. ಪ್ರೊಸೆಸರುಗಳೂ ಹೀಗೆಯೇ. ನಾವು ಬರೆದ ಪ್ರೋಗ್ರಾಮು ಅದೇ, ಆದರೆ ಹೊಸ ಪ್ರೊಸೆಸರು ಓದುವ ಲಿಪಿಗೆ ಅದನ್ನೆಲ್ಲ ಮತ್ತೊಮ್ಮೆ ಇಳಿಸಬೇಕು. ಬಹುಪಾಲು ತಾನಾಗಿ ಇಳಿಯುತ್ತದೆ. ತೊಂದರೆ ಬರುವುದು ಸಣ್ಣದರಲ್ಲಿ. ಮರಾಠಿ ಲಿಪಿಯಲ್ಲಿ ಹ್ರಸ್ವ ಎಕಾರ, ದೀರ್ಘ ಏಕಾರ ಬೇರೆ ಬೇರೆ ಇಲ್ಲ. ಒಮ್ಮೆ ಅವಳು ಕೇರಿಯಲ್ಲಿ ನಿಂತಿದ್ದೇನೆಂದು ಬರೆದಳು. ನಾನು ಕೆರಿ, ಎಂದರೆ ನಮ್ಮ ಮಾತಿನಲ್ಲಿ ಕೆರೆ, ಎಂದು ಓದಿಕೊಂಡು ಬಿಸಿಲಲ್ಲಿ ಕೆರೆಯ ದಂಡೆಯ ಮೇಲೆ ಎಮ್ಮೆಗಳ ಜೊತೆ ಕಾದೆ.

ನಮ್ಮ ಸಾಫ್ಟ್‌ವೇರಿನಲ್ಲೂ ಅಂಥದೊಂದು ಕೆರೆ ಇತ್ತು. ಬಿಲ್ಲು ಅಚ್ಚುಮಾಡುವ ಒಂದು ಸಣ್ಣ ತುಣುಕನ್ನು ಯಾರೋ ಎಂದೋ ಬರೆದು ಬಿಟ್ಟು ಹೋಗಿದ್ದರು. ಹಳೆಯ ಪ್ರೊಸೆಸರಿಗೆ ಇಳಿಸಿದ ಪ್ರತಿ ಮಾತ್ರ ಇತ್ತು, ಮೂಲ ಇರಲಿಲ್ಲ. ಅದನ್ನು ನಾನು ಹೊಸದಾಗಿ ಬರೆದೆ. ಫೋನುಗಳ ನಡುವೆ ಬರೆದದ್ದರಿಂದ ತಡವಾಯಿತು. ಆದರೂ ಪರೀಕ್ಷೆಯಲ್ಲಿ ಹಳೆಯ ಬಿಲ್ಲು, ಹೊಸ ಬಿಲ್ಲು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಅಕ್ಷರಗಳು ಕೂಡಿ ನಿಂತವು. ಇನ್ನು ಉಳಿದದ್ದು ಸಾವಕಾರರ ಒಪ್ಪಿಗೆ.

ಹೇಳಬೇಕಾದ್ದನ್ನು ಮೊದಲೇ ಬರೆದಿಟ್ಟುಕೊಂಡು ಫೋನು ಮಾಡಿದೆ. ಮಳೆ, ಮನೆ, ಎಲ್ಲ ಮುಗಿದ ಮೇಲೆ ಓದಿದೆ.

"ಸಾವಕಾರ್ರ, ಈ ಐತವಾರ ನಿಮ್ಮ ಸರ್ವರ್ ಆರ್ಮ್ ಮ್ಯಾಲ ಹಾಕಾಕತ್ತೇವ್ರಿ. ನಿಮ್ಮದೇನೂ ಅಡಚಣಿ ಇಲ್ಲಲ್ರಿ?"

ಅವರ ದನಿ ಮೆತ್ತಗಾಯಿತು.

"ಹಾಕ್ರಿ ತಂಗಿ, ಹಾಕ್ರಿ. ನಾನ ಹೇಳಬೇಕಂತಿದ್ದೆ. ನೀವ ಅಂದ್ರಿ, ಭಾಳ ಚಲೋ ಆತು."

ಅಷ್ಟು ಬೇಗ ಅವರು ಯಾವ ಫೋನನ್ನೂ ಮುಗಿಸಿರಲಿಲ್ಲ. ಹೊಸ ತಂತ್ರಜ್ಞಾನದ ಬಗ್ಗೆ ಅವರಿಗೆ ಇಷ್ಟು ತಿಳಿವಳಿಕೆ ಇದೆಯಲ್ಲ ಎಂದು ಅವರ ಮೇಲೆ ಗೌರವ ಬಂತು.

ಅಕ್ಕಲಕೋಟದ ಪೇಟೆ ಮುಚ್ಚಿದ್ದ ಆ ಭಾನುವಾರ ಹಗಲೇ ಸಾಗಣೆ ಮುಗಿಯಿತು. ಹಳೆಯ ಸರ್ವರನ್ನು ಅಳಿಸಲಿಲ್ಲ. ಏನಾದರೂ ಕೆಟ್ಟರೆ ತಿರುಗಿ ಎಬ್ಬಿಸಲು ಬೇಕೆಂದು ಅದನ್ನು ಆಫ್ ಮಾಡಿ ಹಾಗೆಯೇ ಇಟ್ಟೆ. ಸೋಮವಾರ ಬೆಳಿಗ್ಗೆ ಬಂದು ಹೊಸ ಸರ್ವರಿನ ನಕ್ಷೆ ತೆರೆದೆ. ಪ್ರೊಸೆಸರು ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಗೆರೆ ಅದರಲ್ಲಿ ಇರುತ್ತದೆ. ಹಳೆಯ ಸರ್ವರಿನಲ್ಲಿ ಸೋಮವಾರದ ಗೆರೆ ಬೆಟ್ಟದಂತೆ ಏರುತ್ತಿತ್ತು. ಇಲ್ಲಿ ಅದು ನೆಲಕ್ಕೆ ಅಂಟಿಕೊಂಡು ಮಲಗಿತ್ತು.

ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಇಷ್ಟು ದಕ್ಷ ಪ್ರೊಸೆಸರು ಇರಬಹುದೆಂದು ನಾನೂ ಎಣಿಸಿರಲಿಲ್ಲ. ಮೇಡಂ ಬಂದು ನೋಡಿದರು.

"ಭಾರಿ ಐತಲ್ಲ. ದಮ್ಮ ಹತ್ತವಲ್ದು ಇದಕ್ಕ."

"ಹೂಂ ಮೇಡಂ."

ಅವರು ಅರ್ಧ ದಾರಿ ಹೋಗಿ ತಿರುಗಿ ಬಂದರು.

"ಆರ್ಡರ್ ಎಷ್ಟ ಬಂದಾವು?"

ಅದನ್ನು ನಾನು ನೋಡಿರಲಿಲ್ಲ. ನೋಡಿದೆ. ಒಂದೂ ಬಂದಿರಲಿಲ್ಲ. ಕೆಲಸವೇ ಇಲ್ಲದವನ ದಕ್ಷತೆಯನ್ನು ನಾವಿಬ್ಬರೂ ಹೊಗಳುತ್ತಿದ್ದೆವು.

ಮಧ್ಯಾಹ್ನದವರೆಗೆ ನನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ನಾನೇ ಒಂದು ಸುಳ್ಳು ಆರ್ಡರು ಕಳಿಸಿದರೆ ಅದು ಸರಾಗವಾಗಿ ಹೋಗಿ ಸುಳ್ಳು ಬಿಲ್ಲಾಗಿ ಬಂತು. ಎಲ್ಲ ಸರಿಯಿತ್ತು, ಯಾರೂ ಇರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಸಾವಕಾರರ ಫೋನೂ ಇರಲಿಲ್ಲ. ಮೇಡಂ ಗಡಿಯಾರ ನೋಡಿಕೊಂಡು ಹೇಳಿದರು, "ನಾಳಿ ಅಂಗಡಿ ಮುಚ್ಚೂದರೊಳಗ ಅಕ್ಕಲಕೋಟ ಚಾಲೂ ಆಗಬೇಕು. ಇಲ್ಲಾಂದ್ರ ಹಳೇದ ಎಬ್ಬಿಸು. ನಿನ್ನ ಫೋನ ನಿನಗ."

ಆ ಫೋನನ್ನೇ ಎತ್ತಿಕೊಂಡು ಅಂಗಡಿಗೆ ಮಾಡಿದೆ. ಎತ್ತಿದವರು ಸೊಸೆ. ಅವರ ದನಿಯಲ್ಲಿ ನನ್ನ ಮೇಲೆ ಸಿಟ್ಟಿತ್ತು.

"ಮೇಡಂ, ಎಂದ ಎಬ್ಬಸ್ತೀರಿ ಅದನ್ನ? ಕೈಲೆ ಬಿಲ್ ಬರದು ಬರದು ನನ್ನ ಬೊಟ್ಟ ಹೋದ್ವು."

"ಏನ್ ಎಬ್ಬಸೂದ್ರಿ?"

"ಮಶೀನ್. ನೀವ ಹೇಳೀರಂತ, ಆರಾಮ್ ಮ್ಯಾಲ ಹಾಕೇವಿ ಅಂತ. ಮಾವಾರು ಯಾರಿಗೂ ಮುಟ್ಟಾಕ ಕೊಡವಲ್ರು. ಹಳ್ಳಿಯವರಿಗೂ ಹೇಳ್ಯಾರ, ಆರ್ಡರ್ ಕಳಸಬ್ಯಾಡ್ರಿ, ಪಾಪ ಅದಕ್ಕ ಆರಾಮ್ ಐತಿ ಅಂತ."

ಫಾರ್ಮ್ ಅನ್ನು ಫಾರಮ್ ಎನ್ನುವ, ಟರ್ಮ್ ಅನ್ನು ಟರಮ್ ಎನ್ನುವ ಊರುಗಳಲ್ಲಿ ಹುಟ್ಟಿ ಬೆಳೆದವಳು ನಾನು. ಆರ್ಮ್ ಎಂಬುದು ಈ ಗಾಳಿಯಲ್ಲಿ ಆರಾಮ್, ಎಂದರೆ ವಿಶ್ರಾಂತಿ, ಆಗದೆ ಉಳಿಯುವುದಿಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರಿಂದ ನನ್ನ ಕಿವಿ ಕೆಟ್ಟಿತ್ತು.

"ಮಾವಾರಿಗೆ ಕೊಡ್ರಿ ಸ್ವಲ್ಪ," ಎಂದೆ.

ಸಾವಕಾರರು ದನಿ ತಗ್ಗಿಸಿ ಮಾತಾಡಿದರು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ. ನಾನು ಎರಡು ಸಲ ಬಿಡಿಸಿ ಹೇಳಿದೆ. ಎರಡು ಸಲವೂ ಅವರು "ಹೌದು, ಆರಾಮ್" ಎಂದರು. ಮೂರನೆಯ ಸಲ, "ತಂಗಿ, ಫೋನ್‌ನ್ಯಾಗ ತಿಳಿಯೂದಿಲ್ಲ ಇಂಥಾ ಮಾತು. ಇಲ್ಲೇ ಬರ್ರಿ," ಎಂದು ಇಟ್ಟುಬಿಟ್ಟರು.

ಮರುದಿನ ಆಫೀಸಿಗೆ ಬಂದು ಮೇಡಂಗೆ ಹೇಳಿ, ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಅಕ್ಕಲಕೋಟದ ಬಸ್ಸು ಹಿಡಿದೆ. ಅಲ್ಲಿನ ಸ್ವಾಮಿಗಳ ಗುಡಿಯ ದರ್ಶನಕ್ಕೆ ಹೊರಟವರಿಂದ ಬಸ್ಸು ತುಂಬಿತ್ತು. ಕುಂಭಾರಿ ಬಂದಾಗ ನಾನು ಇಳಿಯಲಿಲ್ಲ. ದಿನಾ ನನ್ನನ್ನು ಅಲ್ಲಿ ಇಳಿಸುವ ಕಂಡಕ್ಟರಿಗೆ ಅದು ಸರಿ ಕಾಣಲಿಲ್ಲ.

"ತಂಗಿ, ಊರ ಬಂತು."

"ಮುಂದ ಹೋಗೂದೈತ್ರಿ."

"ಮನ್ಯಾಗ ಗೊತ್ತೈತೋ?"

ಬಸ್ಸಿನ ಮುಂದಿನ ಅರ್ಧ ತಿರುಗಿ ನನ್ನನ್ನು ನೋಡಿತು. ಆಫೀಸಿನ ಕೆಲಸ ಎಂದೆ. ಯಾವ ಕೆಲಸ ಎಂದು ಪಕ್ಕದ ಅಜ್ಜಿ ಕೇಳಿದರು. ನಾನು ಕಿಟಕಿಯ ಹೊರಗೆ ತೊಗರಿಯ ಹೊಲ ನೋಡತೊಡಗಿದೆ. "ಸೊಕ್ಕ," ಎಂದರು ಅಜ್ಜಿ, ನನಗಲ್ಲ, ಬಸ್ಸಿಗೆ.

ಅಂಗಡಿ ಪೇಟೆಯ ಒಳಗಿತ್ತು. ಚೀಲಗಳ ನಡುವೆ ಗಾದಿಯ ಮೇಲೆ ಬಿಳಿ ಟೊಪ್ಪಿಗೆಯ ಸಾವಕಾರರು ಕುಳಿತಿದ್ದರು. ನಾನು ಅವರನ್ನು ಅದುವರೆಗೆ ನೋಡಿರಲಿಲ್ಲ. ದನಿಯ ಲೆಕ್ಕದಲ್ಲಿ ದಪ್ಪಗಿರಬೇಕು ಎಂದುಕೊಂಡಿದ್ದೆ. ತೆಳ್ಳಗಿದ್ದರು. ಒಂದು ಮೂಲೆಯಲ್ಲಿ ಸೊಸೆ ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಕಾರ್ಬನ್ ಹಾಳೆಯಲ್ಲಿ ಬಿಲ್ಲು ಬರೆಯುತ್ತಿದ್ದರು. ಅವರ ಎದುರಿನ ಮೇಜಿನ ಮೇಲೆ ಕಂಪ್ಯೂಟರಿಗೆ ಹೊಸ ಸೊಲ್ಲಾಪುರಿ ಚಾದರ ಹೊದಿಸಿ, ಅಂಚುಗಳನ್ನು ನಾಲ್ಕೂ ಕಡೆ ಒಳಗೆ ಮಡಚಿದ್ದರು.

"ಮೆಲ್ಲಗ ಬರ್ರಿ," ಎಂದರು ಸಾವಕಾರರು.

ಚಹಾ ಬಂತು. ಅಪ್ಪನ ಹೊಲ, ಎತ್ತು, ಮಳೆ ಎಲ್ಲ ವಿಚಾರಿಸಿದರು. ನಾನು ಸರ್ವರಿನ ಮಾತಿಗೆ ಬಂದೆ.

"ಸಾವಕಾರ್ರ, ನಾ ಅಂದಿದ್ದು ಆರಾಮ್ ಅಲ್ರಿ. ಆರ್ಮ್. ಇಂಗ್ಲೀಷಿನ್ಯಾಗ ಆರ್ಮ್ ಅಂದ್ರ ತೋಳು."

ಅವರು ಗಾಬರಿಯಾಗಿ ಚಾದರದ ಕಡೆ ನೋಡಿದರು. "ತೋಳಿಗೆ ಏನಾಗೇತಿ?"

"ಯಾರ ತೋಳಿಗೂ ಏನೂ ಆಗಿಲ್ರಿ. ಅದು ಹೆಸರು. ಪ್ರೊಸೆಸರ್‌ದು."

"ಹೆಸರ ಆರಾಮ್ ಇಟ್ಟಾರಂದ್ರ ಸುಮ್ಮನ ಇಟ್ಟಿರೂದಿಲ್ಲ ತಂಗಿ. ನೋಡ್ರಿ, ನಿಮ್ಮದು ಒಕ್ಕಲತನದ ಮನಿ. ಸೋಮವಾರ ಎತ್ತಿನ ಹೆಗಲಿಗೆ ನೊಗಾ ಇಡ್ತೀರೇನು?"

"ಇಲ್ರಿ."

"ಮತ್ತ? ಈ ಮಶೀನ್ ಬಂದಾಗಿಂದ ಒಂದ ಸೋಮವಾರ ಸೂಟಿ ಕೊಟ್ಟಿಲ್ಲ ನಾ. ಅಮಾಸಿ ಇಲ್ಲ, ಹಬ್ಬ ಇಲ್ಲ. ನನಗ ಮನಸಿಗೆ ಹತ್ತಿತ್ತು. ಅಷ್ಟರಾಗ ನಿಮ್ಮ ಫೋನ್ ಬಂತು. ಒಂದ ವಾರನರೆ ಮಲಗಲಿ. ಅರ್ಧಕ್ಕ ಎಬ್ಬಸಬಾರದು."

ಮೂಲೆಯಿಂದ ಸೊಸೆ ಹೇಳಿದರು, "ಮಾವಾರ, ಕಂಪ್ಯೂಟರಿಗೆ ಸೋಮವಾರ ಬಿಟ್ರಿ. ನನಗ ಎಂದ ಬಿಡ್ತೀರಿ?"

"ನೀ ಸುಮ್ಮನ ಬರಿಯವ್ವಾ."

ಮೇಡಂ ಕೊಟ್ಟ ಗಡುವು ಅಂದೇ ಮುಗಿಯುತ್ತಿತ್ತು. ನಾನು ಮತ್ತೆ ಲಿಪಿಯ ಉದಾಹರಣೆ ಹೇಳಿದೆ, ಚಿಕ್ಕಪ್ಪನ ಮಗಳ ಕಥೆ ಹೇಳಿದೆ, ಕೆರೆಯ ಎಮ್ಮೆಗಳನ್ನೂ ಹೇಳಿದೆ, ಇದು ಸರಿಹೋದರೆ ನನ್ನನ್ನು ಫೋನಿನಿಂದ ತೆಗೆಯುತ್ತಾರೆ ಎಂಬುದನ್ನೂ ಹೇಳಿದೆ. ಅಷ್ಟು ಮಾತು ನಾನು ಒಂದು ದಿನಕ್ಕೆ ಎಂದೂ ಆಡಿರಲಿಲ್ಲ. ಸಾವಕಾರರು ಮೆಚ್ಚಿ ಕೇಳಿದರು, ಎಮ್ಮೆಗಳ ಹತ್ತಿರ ನಕ್ಕರು, ಕೊನೆಗೆ "ಆತು, ಐತವಾರ ಎಬ್ಬಸೂಣು," ಎಂದರು.

ಆಗ ನನಗೆ ಒಂದು ವಿಷಯ ತಿಳಿಯಿತು. ನಾನು ಅವರ ಮಾತನ್ನು ತಿದ್ದುತ್ತಿದ್ದೆ. ಆದರೆ ಅವರು ಹೇಳುತ್ತಿದ್ದುದರಲ್ಲಿ ತಪ್ಪು ಎಷ್ಟು? ದೂರದ ಆ ಕಟ್ಟಡದಲ್ಲಿ, ಇಷ್ಟು ವರ್ಷ ಅವರ ಬೇಳೆ ಬೆಲ್ಲ ಎಣಿಸಿದ ಸರ್ವರು, ನಾನೇ ಆಫ್ ಮಾಡಿ ಇಟ್ಟಿದ್ದರಿಂದ, ನಿಜಕ್ಕೂ ಮಲಗಿತ್ತು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

"ಸಾವಕಾರ್ರ, ಆರಾಮ್ ಮ್ಯಾಲ ಇರೂದು ಈ ಕಂಪ್ಯೂಟರ್ ಅಲ್ರಿ, ದೂರದ ಊರಾಗಿನ ಹಳೇ ಸರ್ವರ್. ಅದನ್ನ ನಾನ ಮಲಗಿಸೇನಿ. ಯಾರೂ ಎಬ್ಬಸೂದಿಲ್ಲ. ಅದರ ಬದ್ಲಿ ಒಂದ ಹೊಸಾದು ಬಂದೈತ್ರಿ. ಐತವಾರನ ಬಂದೈತಿ."

"ಬಂದು?"

"ಖಾಲಿ ಕುಂತೈತ್ರಿ. ಕೆಲಸ ಕೊಡ್ರಿ ಅಂತ ಕುಂತೈತಿ. ನೀವು ಕೊಡವಲ್ರಿ."

ಸಾವಕಾರರ ಮುಖದಲ್ಲಿ ಅದುವರೆಗೆ ಕಾಣದ ಸಂಕಟ ಕಂಡಿತು. ದಣಿದವರನ್ನು ಎಬ್ಬಿಸುವುದು ಅವರಿಗೆ ಪಾಪವಾಗಿತ್ತು. ಆದರೆ ಕೆಲಸಕ್ಕೆಂದು ಬಂದವರನ್ನು ಸುಮ್ಮನೆ ಕೂರಿಸಿಡುವುದು, ಅದೂ ತಮ್ಮ ಅಂಗಡಿಯಲ್ಲಿ, ಅದಕ್ಕಿಂತ ದೊಡ್ಡ ಪಾಪ.

"ಐತವಾರದಿಂದ ಖಾಲಿ ಕುಂತೈತಿ? ಮೊದಲ ಹೇಳಬಾರದೇನ್ ತಂಗಿ?" ಎಂದು ಎದ್ದು ಹೋಗಿ ತಾವೇ ಚಾದರ ತೆಗೆದರು. ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕೇಳಿದರು, "ಹೆಂಗೈತಿ ಹೊಸಾದು? ತಿನ್ನೂದ ಭಾಳ ಇರಬೇಕಲ?"

"ಕಡಿಮಿ ತಿಂತೈತ್ರಿ. ಕರೆಂಟು. ದುಡಿಯೂದು ಅಷ್ಟ."

"ಕಡಿಮಿ ತಿಂದು ಅಷ್ಟ ದುಡೀತೈತಿ," ಎಂದು ಅವರು ಮೆಚ್ಚುಗೆಯಿಂದ ಅಂಗಡಿಯನ್ನೆಲ್ಲ ಒಮ್ಮೆ ನೋಡಿದರು. ನೋಟ ಮೂಲೆಯಲ್ಲಿ ನಿಂತಿತು.

"ನನ್ನ ಕಡೆ ಯಾಕ ನೋಡ್ತೀರಿ?" ಎಂದರು ಸೊಸೆ. "ನಾ ಎರಡೂ ಹೊತ್ತ ಹೊಟ್ಟಿ ತುಂಬ ಉಣ್ಣಾಕಿ." ಅವರು ರಟ್ಟನ್ನು ಪಕ್ಕಕ್ಕೆ ಎಸೆದು ಆಗಲೇ ಕಂಪ್ಯೂಟರಿನ ಮುಂದೆ ಕುಳಿತಾಗಿತ್ತು.

ಸಾವಕಾರರು ಹಳ್ಳಿಯ ಅಂಗಡಿಯವರಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡಿದರು. ಪ್ರತಿಯೊಬ್ಬರಿಗೂ ಮನೆ, ಮಳೆ ಕೇಳಿ, ಹಳೆಯದು ಆರಾಮ್ ಮೇಲೆ ಹೋದದ್ದನ್ನೂ ಹೊಸದು ಬಂದು ಕುಳಿತದ್ದನ್ನೂ ಹೇಳಿದರು. ಭಂಡಾರಕವಠೆಯಿಂದ ಮೊದಲ ಆರ್ಡರು ಬಂತು. ಆಮೇಲೆ ಸಾಲಾಗಿ ಬಂದವು. ಹೊಸದಾಗಿ ಬರೆದ ಆ ತುಣುಕು ಮೊದಲ ನಿಜವಾದ ಬಿಲ್ಲನ್ನು ಹೊರಹಾಕಿತು. ನಾನು ಮೊಬೈಲಿನಲ್ಲಿ ನಕ್ಷೆ ನೋಡಿದೆ. ಮಲಗಿದ್ದ ಗೆರೆ ಎದ್ದಿತ್ತು. ಹಳೆಯದರ ಬೆಟ್ಟದಷ್ಟಲ್ಲ, ಸಣ್ಣ ದಿಬ್ಬದಷ್ಟು. ನಾನು ಕಾಗದದ ಮೇಲೆ ಬರೆದುಕೊಟ್ಟದ್ದು ಅಷ್ಟನ್ನೇ. ಮೇಡಂ ಒಂದೇ ಪದದ ಮೆಸೇಜು ಕಳಿಸಿದರು: "ದಿಸ್ಲಂ". ಕಂಡಿತು, ಎಂದು.

ಹೊರಡುವಾಗ ಸಾವಕಾರರು ಶೇಂಗಾ ಚಟ್ನಿಯ ಪೊಟ್ಟಣ ಕೊಟ್ಟು, ನನ್ನ ಸ್ವಂತ ನಂಬರು ಕೇಳಿದರು.

"ಆಫೀಸಿಂದು ಐತಲ್ರಿ."

"ಅಲ್ಲಿ ನಿಮ್ಮನ್ನ ತಗೀತಾರಂತ, ನೀವ ಹೇಳಿದ್ರಿ. ನಾಳಿ ಹಳೇದು ಹೆಂಗೈತಿ ಅಂತ ಯಾರನ್ನ ಕೇಳ್ಲಿ ನಾ?"

ಆ ನಂಬರು ನನ್ನ ಜೊತೆ ಓದಿದವರಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ. ಕೊಟ್ಟೆ. ಕೊಡದೆ ಬರುವ ದಾರಿ ಕಾಣಲಿಲ್ಲ.

ಫೋನಿನ ಮೇಜಿಗೆ ಬೇರೆ ಹುಡುಗಿ ಬಂದಳು. ಮಾತಿನಲ್ಲಿ ಹುಷಾರು, ಗಿರಾಕಿಗಳಿಗೆ ತಾನೇ ಮಳೆಯ ಸುದ್ದಿ ಕೇಳುತ್ತಾಳೆ. ನಾನು ಒಳಗಿನ ಕೋಣೆಯಲ್ಲಿ ಉಳಿದ ಗಿರಾಕಿಗಳ ಸರ್ವರುಗಳನ್ನು ಒಂದೊಂದಾಗಿ ಸಾಗಿಸಿದೆ. ಅವರಿಗೆಲ್ಲ ಆರ್ಮ್ ಎಂದು ಯಾರೂ ಹೇಳಲಿಲ್ಲ, ಹೊಸದು ಎಂದಷ್ಟೇ ಹೇಳಿದೆವು. ಕೋಣೆಯಲ್ಲಿ ಫೋನಿಲ್ಲ. ಆದರೆ ನನ್ನ ಮೊಬೈಲು ಇತ್ತು, ಅದರಲ್ಲಿ ಸಾವಕಾರರಿದ್ದರು. ವಾರಕ್ಕೊಮ್ಮೆ ಹಳೆಯದರ ಆರೋಗ್ಯ ಕೇಳುತ್ತಿದ್ದರು. ಮಲಗಿದೆ ಎನ್ನುತ್ತಿದ್ದೆ. ನಿಜವೇ ಆಗಿತ್ತು.

ಎಲ್ಲವೂ ಗಟ್ಟಿಯಾಗಿ ನಿಂತ ಮೇಲೆ ಹಳೆಯ ಸರ್ವರುಗಳ ಬಾಡಿಗೆ ಬಿಡಬೇಕೆಂದು ಮೇಡಂ ಹೇಳಿದರು. ಬಿಟ್ಟೆವು. ಮರುದಿನವೇ ಸಾವಕಾರರ ಫೋನು ಬಂತು.

"ಹಳೇದು ಹೆಂಗೈತಿ ತಂಗಿ?"

ಏನಾದರೊಂದು ಹೇಳಿ ಮುಗಿಸಬಹುದಿತ್ತು. ನನಗೆ ಅದು ಬರುವುದಿಲ್ಲ.

"ಈಗ ಇಲ್ರಿ, ಸಾವಕಾರ್ರ. ನಿನ್ನಿ ತಗದ್ವಿ."

ಲೈನು ಹೋಯಿತೇ ಎಂದು ಈ ಸಲ ನಾನು ನೋಡಿಕೊಂಡೆ. ಹೋಗಿರಲಿಲ್ಲ.

"ತ್ರಾಸ ಆತೇನು ಅದಕ್ಕ?"

"ಇಲ್ರಿ. ಮಲಗಿದಲ್ಲೇ."

"ಚಲೋ ಆತು," ಎಂದರು. "ಎಲ್ಲಾರಿಗೂ ಹಂಗ ಸಿಗೂದಿಲ್ಲ." ಆಮೇಲೆ ಫೋನು ಬಾಯಿಯಿಂದ ದೂರ ಹಿಡಿದು ಅಂಗಡಿಯೊಳಗೆ ಹೇಳಿದರು, "ಹಳೇದು ಹೋತಂತವ್ವಾ."

"ಯಾರ್ರಿ?" ಎಂದು ಸೊಸೆಯ ದನಿ.

"ನಮ್ಮದು. ಹಳೇ ಮಶೀನು."

"ಮತ್ತ ಜಳಕಾ ಮಾಡಬೇಕೇನು ನಾವು?"

ಸೊಸೆ ಚೇಷ್ಟೆಗೆ ಕೇಳಿದ್ದು. ಸಾವಕಾರರು ಹಾಗೆ ತಿಳಿಯಲಿಲ್ಲ. ಫೋನಿಗೆ ಬಂದು, "ಬೇಕೇನ್ರಿ?" ಎಂದು ನನ್ನನ್ನೇ ಕೇಳಿದರು.

ನಾನು ಸ್ವಲ್ಪ ಯೋಚಿಸಿ ಹೇಳಿದೆ, "ಬ್ಯಾಡ್ರಿ. ಅದು ಬಾಡಿಗೀದಿತ್ತು."

ಬಾಡಿಗೆಯದಾದರೆ ಸೂತಕವಿಲ್ಲ ಎಂದು ಅವರೂ ಒಪ್ಪಿದರು. ಒಪ್ಪಿದ ಮೇಲೂ ಫೋನು ಇಡಲಿಲ್ಲ. ಆ ಮಶೀನು ಬಂದ ಹೊಸತರಲ್ಲಿ ತಮಗೆ ಅದರ ಮೇಲೆ ಎಷ್ಟು ಅನುಮಾನವಿತ್ತು, ಬಿಲ್ಲನ್ನೆಲ್ಲ ಹೇಗೆ ಕೈಯಲ್ಲಿ ಇನ್ನೊಮ್ಮೆ ಕೂಡಿಸಿ ನೋಡುತ್ತಿದ್ದರು ಎಂದು ಹೇಳಿದರು. ನಾನು ಕೇಳುತ್ತ ಕುಳಿತೆ. ಕೊನೆಗೆ, ಇನ್ನು ಮೇಲೆ ಹೊಸದರ ಯೋಗಕ್ಷೇಮ ಕೇಳಲು ಫೋನು ಮಾಡುತ್ತೇನೆ, ಯಾವ ದಿನ ಅನುಕೂಲ, ಎಂದರು.

ಮಂಗಳವಾರ, ಊಟದ ನಂತರ, ಎಂದೆ.